ವಾದ್ಯ ಕಲಿಕೆಯ ಪುಸ್ತಕಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ಪಕ್ಕದ ಮರಾಠಿ ಕ್ಲಾಸಿನಲ್ಲಿ ಹಾರ್ಮೋನಿಯಂ ಕಲಿಯುತ್ತಿದ್ದಾಳೆ. ಊರಿಂದ ಬಂದ ನಮ್ಮ ಅತ್ತೆ ಕನ್ನಡದ ಕರ್ನಾಟಕ ಸಂಗೀತ ಬಾಲಪಾಠದ ಪುಸ್ತಕ ತಂದಿದ್ದಾರೆ. ಅದರಲ್ಲಿನ ಸರಳೆ ವರಸೆಯನ್ನು ಇವಳು ನುಡಿಸಿದರೆ ಅತ್ತೆ ಹಾಡಿದಂತೆ ಕೇಳಿಸುವುದೇ ಇಲ್ಲ. ಪುಸ್ತಕದಲ್ಲಿ ತಪ್ಪಿದೆಯೇ?
– ಗೃಹಿಣಿ, ಡೊಂಬಿವಲಿ

ಉತ್ತರ: ಪುಸ್ತಕ ಸರಿಯಾಗಿಯೇ ಇದೆ. ಮಗಳು ಅದನ್ನು ಭಾತಖಂಡೆ ಲಿಪಿಯ (ಹಿಂದೂಸ್ತಾನಿ ಸಂಗೀತದಲ್ಲಿ ಸ್ವರ ಬರೆಯುವ ಒಂದು ಪದ್ಧತಿ) ಲೆಕ್ಕದಲ್ಲಿ ಓದುತ್ತಿದ್ದಾಳೆ. ಆ ಲಿಪಿಯಲ್ಲಿ ಗುರುತಿಲ್ಲದ ಸ್ವರವೆಂದರೆ ಬಿಲಾವಲ್ ಥಾಟಿನ (ಏಳು ಸ್ವರಗಳ ಮೂಲಕಟ್ಟಿನ) ಸ್ವರ; ಬಿಳಿ ಒಂದನ್ನು (ಸಪ್ತಕದ ಮೊದಲ ಬಿಳಿ ಕೀಲಿಯನ್ನು) ಷಡ್ಜ ಮಾಡಿಕೊಂಡರೆ ಎಲ್ಲವೂ ಬಿಳಿ ಮನೆಗಳೇ. ಕೋಮಲ (ತುಸು ಇಳಿದ) ಸ್ವರಕ್ಕೆ ಅಡಿಗೆರೆ, ತೀವ್ರ (ತುಸು ಏರಿದ) ಮಧ್ಯಮಕ್ಕೆ ನೆತ್ತಿಯ ಮೇಲೊಂದು ನಿಂತ ಗೆರೆ. ಕನ್ನಡದ ಬಾಲಪಾಠದಲ್ಲಿ ಇಂಥ ಗುರುತುಗಳು ಇರುವುದಿಲ್ಲ. ಪುಟದ ತಲೆಯಲ್ಲಿ ‘ಮಾಯಾಮಾಳವಗೌಳ, ಆದಿತಾಳ’ ಎಂದು ಒಮ್ಮೆ ಬರೆದರೆ ಮುಗಿಯಿತು. ಯಾವ ರಿ, ಯಾವ ಗ ಎಂಬುದನ್ನು ರಾಗದ ಹೆಸರೇ ಹೇಳಬೇಕು. ಮಾಯಾಮಾಳವಗೌಳದ ಸ್ವರಗಳು ಹಿಂದೂಸ್ತಾನಿಯ ಭೈರವ್ ಥಾಟಿನವು. ಬಿಳಿ ಒಂದರಿಂದ ಹೀಗೆ ನುಡಿಸಲಿ: ಸ ಬಿಳಿ 1, ರಿ ಕರಿ 1, ಗ ಬಿಳಿ 3, ಮ ಬಿಳಿ 4, ಪ ಬಿಳಿ 5, ದ ಕರಿ 4, ನಿ ಬಿಳಿ 7. ಆಗ ಅತ್ತೆಯವರ ಹಾಡಿಕೆಗೆ ಕೂಡಿಕೊಳ್ಳುತ್ತದೆ. ಇಲ್ಲಿನ ರಿಷಭವನ್ನು ಕರ್ನಾಟಕ ಪದ್ಧತಿಯಲ್ಲಿ ‘ಶುದ್ಧ’ ಎನ್ನುತ್ತಾರೆ, ಕ್ಲಾಸಿನಲ್ಲಿ ಅದೇ ಮನೆಗೆ ‘ಕೋಮಲ’. ಈ ಒಂದನ್ನು ಮಗುವಿಗೆ ಮೊದಲೇ ಹೇಳಿಬಿಡಿ.

ಕಾಲದ ಲೆಕ್ಕವೂ ಬೇರೆ. ಕನ್ನಡ ಪುಸ್ತಕದಲ್ಲಿ ‘ಸ’ ಒಂದು ಅಕ್ಷರಕಾಲ, ‘ಸಾ’ ಎರಡು. ಅಲ್ಪವಿರಾಮ ಒಂದು, ಅರ್ಧವಿರಾಮ ಎರಡು. ಮರಾಠಿ ಪುಸ್ತಕದಲ್ಲಿ ‘ಸಾ’, ‘ರೇ’ ಎಂದು ದೀರ್ಘವಾಗಿ ಬರೆದರೂ ಅದು ಬರೀ ಸ್ವರದ ಹೆಸರು, ಮಾತ್ರೆ ಒಂದೇ. ಎಳೆಯಬೇಕಾದಾಗ ಮುಂದೊಂದು ಅಡ್ಡಗೆರೆ ಹಾಕುತ್ತಾರೆ. ಒಂದರ ರೂಢಿ ಇನ್ನೊಂದಕ್ಕೆ ಬಂದರೆ ಷಡ್ಜ, ರಿಷಭಗಳು ಬಂದ ಕಡೆಯಲ್ಲೆಲ್ಲ ತಾಳ ಜಾರುತ್ತದೆ. ಮೊದಲ ಪರೀಕ್ಷೆ ಮುಗಿಯುವವರೆಗೆ ನುಡಿಸುವುದಕ್ಕೆ ಕ್ಲಾಸಿನ ಪುಸ್ತಕವೊಂದೇ ಇರಲಿ. ಅತ್ತೆಯವರ ಪುಸ್ತಕವನ್ನು ಅವರ ಜೊತೆ ಕೂತು ಬಾಯಲ್ಲಿ ಹಾಡಲಿ. ಅದರಿಂದ ನಷ್ಟವಿಲ್ಲ, ಲಾಭವೇ.

ಪ್ರಶ್ನೆ: ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಹಳೆಯ ಮರಾಠಿ ಸಂಗೀತ ಪುಸ್ತಕವೊಂದು ಸಿಕ್ಕಿತು. ಅದರಲ್ಲಿ ಹೆಚ್ಚುಕಡಿಮೆ ಎಲ್ಲ ಸ್ವರಗಳಿಗೂ ಅಡಿಗೆರೆ ಇದೆ. ಎಲ್ಲವನ್ನೂ ಕೋಮಲವಾಗಿ ನುಡಿಸಿದರೆ ಯಾವ ರಾಗವೂ ಆಗುತ್ತಿಲ್ಲ.
– ನಿವೃತ್ತ ಬ್ಯಾಂಕ್ ನೌಕರ, ಕೋಥರೂಡ್

ಉತ್ತರ: ನಿಮ್ಮ ಕೈಗೆ ಬಂದಿರುವುದು ಪಲುಸ್ಕರ್ ಲಿಪಿಯ ಪುಸ್ತಕ. ವಿಷ್ಣು ದಿಗಂಬರ ಪಲುಸ್ಕರ್ (1872–1931) 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದವರು. ಅವರ ಲಿಪಿ ಭಾತಖಂಡೆಯವರದಕ್ಕಿಂತ ಬೇರೆ. ಅದರಲ್ಲಿ ಸ್ವರದ ಕೆಳಗಿನ ಅಡ್ಡಗೆರೆ ಒಂದು ಮಾತ್ರೆಯ ಗುರುತು, ಸೊನ್ನೆ ಇದ್ದರೆ ಅರ್ಧ ಮಾತ್ರೆ, ಬಟ್ಟಲಿನಂಥ ಕಮಾನಿದ್ದರೆ ಕಾಲು ಮಾತ್ರೆ. ಕೋಮಲಕ್ಕೆ ಹಲಂತದ ಗುರುತು (ದೇವನಾಗರಿಯಲ್ಲಿ ಅಕ್ಷರದಡಿ ಹಾಕುವ ಓರೆ ಗೆರೆ). ಸ್ಥಾಯಿಯಲ್ಲೂ ಮೋಸ ಹೋಗಬೇಡಿ: ಇಲ್ಲಿ ಮೇಲಿನ ಚುಕ್ಕೆ ಎಂದರೆ ಮಂದ್ರ (ಕೆಳಗಿನ ಸ್ಥಾಯಿ), ತಾರಕ್ಕೆ (ಮೇಲಿನ ಸ್ಥಾಯಿಗೆ) ಮೇಲೊಂದು ನಿಂತ ಗೆರೆ. ಭಾತಖಂಡೆ ಲಿಪಿಯಲ್ಲಿ ಮೇಲಿನ ಚುಕ್ಕೆಯೇ ತಾರ.

ಯಾವ ಲಿಪಿ ಎಂದು ತಿಳಿಯಲು ಅಂಗಡಿಯಲ್ಲಿ ನಿಂತೇ ತೀನ್‌ತಾಲದ (ಹದಿನಾರು ಮಾತ್ರೆಯ ತಾಳ) ಪುಟ ತೆಗೆದು ನೋಡಿ. ತಾಳದ ಗುರುತು ×, 2, 0, 3 ಎಂದಿದ್ದರೆ ಭಾತಖಂಡೆ. 1, 5, +, 13 ಎಂದಿದ್ದರೆ ಪಲುಸ್ಕರ್. ಪುಸ್ತಕವನ್ನು ಮಾತ್ರ ಬಿಸಾಡಬೇಡಿ. ಚೀಜುಗಳನ್ನು (ರಾಗದ ಹಾಡುಗಳನ್ನು) ಒಂದೊಂದಾಗಿ ನಿಮ್ಮ ನೋಟುಬುಕ್ಕಿಗೆ ಭಾತಖಂಡೆ ಲಿಪಿಯಲ್ಲಿ ಇಳಿಸಿಕೊಳ್ಳಿ. ಬರೆದು ಇಳಿಸಿದ ಚೀಜು ಬೇಗ ಬಾಯಿಪಾಠವೂ ಆಗುತ್ತದೆ.

ಪ್ರಶ್ನೆ: ಸಿತಾರ್ ಪುಸ್ತಕದಲ್ಲಿನ ಮಸೀತ್‌ಖಾನಿ ಗತ್ (ನಿಧಾನ ಲಯದ ಒಂದು ಬಗೆಯ ಸಿತಾರ್ ರಚನೆ) ಮೊದಲಕ್ಷರದಿಂದ ಸರಿಯಾಗಿ ನುಡಿಸಿದರೂ ತಬಲಾ ಆ್ಯಪ್‌ನ ಸಮ್ (ತಾಳದ ಮೊದಲ ಮಾತ್ರೆ) ಎಲ್ಲೋ ನಡುವೆ ಬೀಳುತ್ತದೆ.
– ವಿದ್ಯಾರ್ಥಿ, ವಾಶಿ

ಉತ್ತರ: ಆ ಗತ್ ಶುರುವಾಗುವುದೇ ತೀನ್‌ತಾಲದ 12ನೇ ಮಾತ್ರೆಯಿಂದ. ಬೋಲ್ (ಹೊಡೆತಗಳ ಬಾಯಿಮಾತು) ಹೀಗೆ: ದಿರ್, ದಾ ದಿರ್ ದಾ ರಾ, ದಾ ದಾ ರಾ. ಮೊದಲ ‘ದಿರ್’ 12ರಲ್ಲಿ, ‘ದಾ ದಿರ್ ದಾ ರಾ’ 13ರಿಂದ 16ರವರೆಗೆ. ಮುಂದಿನ ‘ದಾ’ ಸಮ್ ಮೇಲೆ. ಇದೇ ಎಂಟರ ಕಟ್ಟು 4ರಿಂದ 11ರವರೆಗೆ ಇನ್ನೊಮ್ಮೆ ಬರುತ್ತದೆ. ಆ್ಯಪನ್ನು ನಿಧಾನ ಲಯದಲ್ಲಿ ಬಿಟ್ಟು 11 ಮಾತ್ರೆ ಬೆರಳಲ್ಲಿ ಎಣಿಸಿ, ನಂತರ ಎತ್ತಿಕೊಳ್ಳಿ. ಪುಸ್ತಕ ನೋಡಿ ಕಲಿಯುವವರು ಮಿಜ್ರಾಬಿನ (ಬೆರಳಿಗೆ ತೊಡುವ ತಂತಿಯ ಉಗುರಿನ) ದಿಕ್ಕಿನಲ್ಲೂ ಎಡವುತ್ತಾರೆ: ಸಿತಾರಿನಲ್ಲಿ ‘ದಾ’ ಎಂದರೆ ಬೆರಳು ಒಳಕ್ಕೆ ಎಳೆಯುವ ಹೊಡೆತ, ‘ರಾ’ ಹೊರಕ್ಕೆ.

ಪ್ರಶ್ನೆ: ಮಗನ ಕೊಳಲು ಉಡುಪಿಯಿಂದ ತಂದದ್ದು, ಬೆರಳಿಡುವ ತೂತು ಎಂಟು. ಇಲ್ಲಿ ಸಿಕ್ಕ ಹಿಂದಿ ಪುಸ್ತಕದ ಚಿತ್ರದಲ್ಲಿ ಆರೇ. ಎರಡು ತೂತಿಗೆ ಟೇಪು ಅಂಟಿಸಬಹುದೇ?
– ಒಬ್ಬ ತಂದೆ, ಮಡಗಾಂವ್

ಉತ್ತರ: ಬೇಡ. ಅದು ಕರ್ನಾಟಕ ಪದ್ಧತಿಯ ವೇಣು, ಪುಸ್ತಕದಲ್ಲಿರುವುದು ಹಿಂದೂಸ್ತಾನಿಯ ಬಾನ್ಸುರಿ. ಬಾನ್ಸುರಿಯಲ್ಲಿ ಮೇಲಿನ ಮೂರು ತೂತು ಮುಚ್ಚಿದರೆ ಷಡ್ಜ, ವೇಣುವಿನಲ್ಲಿ ಮೇಲಿನ ಎರಡು. ಎಲ್ಲ ತೆರೆದರೆ ಬಾನ್ಸುರಿಯಲ್ಲಿ ತೀವ್ರ ಮಧ್ಯಮ, ವೇಣುವಿನಲ್ಲಿ ಅಂತರ ಗಾಂಧಾರ (ಹಿಂದೂಸ್ತಾನಿಯ ಶುದ್ಧ ಗ). ಗುರು ಯಾವ ಪದ್ಧತಿಯವರೋ ಆ ಕೊಳಲು, ಅದರದೇ ಪುಸ್ತಕ. ಬಾನ್ಸುರಿಯೇ ಆದರೆ ಕಛೇರಿಯಲ್ಲಿ ಕಂಡ ಉದ್ದದ ‘ಇ’ ಶ್ರುತಿಯ ಬೇಸ್ ಕೊಳಲನ್ನು ಮಗುವಿಗೆ ಕೊಡಿಸಬೇಡಿ. ಸುಮಾರು 30 ಅಂಗುಲದ ಆ ಕೊಳಲಿಗೆ ಸಣ್ಣ ಬೆರಳು ಚಾಚುವುದಿಲ್ಲ, ತೂತು ಪೂರ್ತಿ ಮುಚ್ಚದೆ ಗಾಳಿ ಸೋರುತ್ತದೆ, ಕೆಳಗಿನ ಸ್ವರ ಚೀರುತ್ತದೆ.

ಪ್ರಶ್ನೆ: ಕನ್ನಡ ಮಕ್ಕಳಿಗೆ ಭಾನುವಾರ ತಬಲಾ ಹೇಳಿಕೊಡುತ್ತೇನೆ. ಎಂಥ ಪುಸ್ತಕ ಆರಿಸಬೇಕು?
– ತಬಲಾ ಶಿಕ್ಷಕ, ಥಾಣೆ

ಉತ್ತರ: ಮೊದಲ ಹತ್ತು ಪುಟ ತಿರುವಿ ನೋಡಿ. ‘ನಾ’ ನುಡಿಸುವಾಗ ಅನಾಮಿಕೆ ಶಾಯಿಯ (ನಡುವಿನ ಕರಿ ವೃತ್ತದ) ಅಂಚಿನಲ್ಲಿ ಊರಿರಬೇಕು, ತೋರುಬೆರಳು ಕಿನಾರಿಗೆ (ಚರ್ಮದ ಹೊರ ಅಂಚಿಗೆ) ಬಡಿಯಬೇಕು. ಇಂಥ ವಿವರವಾಗಲಿ ಚಿತ್ರವಾಗಲಿ ಇಲ್ಲದೆ ನೇರ ಕಾಯದಾಗಳಿಗೆ (ಬೆಳೆಸುತ್ತ ನುಡಿಸುವ ಬೋಲಿನ ಕಟ್ಟುಗಳಿಗೆ) ಹಾರಿದ ಪುಸ್ತಕ ನಿಮಗಿರಲಿ, ಮಕ್ಕಳಿಗೆ ಬೇಡ. ಆಮೇಲೆ ಕಾಯದಾದ ಖಾಲಿ ಭಾಗ (ಆರಂಭದಲ್ಲಿ ಎಡಗೈಯ ಡಗ್ಗಾ ಬಿಟ್ಟು ನುಡಿಸುವುದು) ಇದೆಯೇ ನೋಡಿ. ‘ಧಾ ಧಾ ತೆ ಟೆ ಧಾ ಧಾ ತಿನ್ ನಾ’ ಎಂದು ಅಚ್ಚಾಗಿದ್ದರೆ ಅದರ ಕೆಳಗೆ ‘ತಾ ತಾ ತೆ ಟೆ ಧಾ ಧಾ ಧಿನ್ ನಾ’ ಇರಲೇಬೇಕು. ಕೆಲವರು ಜಾಗ ಉಳಿಸಲು ಇದನ್ನು ಬಿಡುತ್ತಾರೆ. ಆಗ ಮಕ್ಕಳು ಡಗ್ಗಾ ಎಲ್ಲಿ ಎತ್ತಬೇಕೆಂದೇ ಕಲಿಯುವುದಿಲ್ಲ.

ತಬಲಾ ಪುಸ್ತಕಗಳಲ್ಲಿ ಅಚ್ಚಿನ ತಪ್ಪು ಜಾಸ್ತಿ. ಮಕ್ಕಳಿಗೆ ಕೊಡುವ ಮುನ್ನ ಪ್ರತಿ ಸಾಲನ್ನೂ ಬೆರಳೆಣಿಸುತ್ತ ಗಟ್ಟಿಯಾಗಿ ಓದಿ. ಮಾತ್ರೆ ಕಡಿಮೆ ಬಂದ ಸಾಲಿನಲ್ಲಿ ಬೋಲೊಂದು ಬಿಟ್ಟುಹೋಗಿರುತ್ತದೆ. ಅದನ್ನು ಪೆನ್ಸಿಲಿನಲ್ಲಿ ತಿದ್ದಿಕೊಡಿ. ಕ್ಲಾಸಿನಲ್ಲಿ ಮೊದಲು ಕೈತಾಳದೊಂದಿಗೆ ಪಢಂತ್ (ಬೋಲನ್ನು ಬಾಯಲ್ಲಿ ಹೇಳುವುದು) ಆಗಲಿ, ಪುಸ್ತಕ ಮುಚ್ಚಿಟ್ಟ ಮೇಲೆ ತಬಲಾ. ತೆರೆದ ಪುಸ್ತಕ ನೋಡುತ್ತ ನುಡಿಸುವ ಮಗುವಿನ ಕತ್ತು ಒಂದು ಕಡೆ ವಾಲುತ್ತದೆ, ಅದರ ಜೊತೆ ಬಲಮೊಣಕೈಯೂ ಇಳಿಯುತ್ತದೆ, ಕಿನಾರಿನ ಪೆಟ್ಟು ಮೈದಾನಕ್ಕೆ (ಕಿನಾರು, ಶಾಯಿಗಳ ನಡುವಿನ ಜಾಗಕ್ಕೆ) ಜಾರುತ್ತದೆ.