ಸಕ್ಕರೆ ಹಾಲು ಮತ್ತು ಅತ್ತೆಯ ಕಾಳಜಿ

ಪ್ರಶ್ನೆ: ನನ್ನ ಮಗಳಿಗೆ ಒಂದು ವರ್ಷ ಎರಡು ತಿಂಗಳು. ಹುಟ್ಟಿದಾಗ 2.2 ಕೆ.ಜಿ. ಇದ್ದಳು. ಬಸುರಿಯಾಗಿದ್ದಾಗ ಐದು ತಿಂಗಳು ನನಗೆ ವಾಂತಿ, ಮೊಸರನ್ನ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ‘ಆಗ ನೀನು ತಿನ್ನಲಿಲ್ಲ, ಈಗ ಮಗುವಾದ್ರೂ ದಪ್ಪಗಾಗ್ಲಿ’ ಅಂತ ಅತ್ತೆ ನಾನು ಕೆಲಸಕ್ಕೆ ಹೋದಾಗ ಬಾಟಲಿಯಲ್ಲಿ ಸಕ್ಕರೆ ಹಾಲು, ಜೊತೆಗೆ ಬಿಸ್ಕತ್ತು ಕೊಡುತ್ತಾರೆ. ಸಂಜೆ ಅವಳು ಊಟವನ್ನೇ ಮುಟ್ಟುವುದಿಲ್ಲ. ತಪ್ಪು ನನ್ನದೇ ಅಲ್ವಾ? ಅತ್ತೆಗೆ ಹೇಗೆ ಹೇಳಲಿ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಅಲ್ಲ. ವಾಂತಿಯನ್ನು ನೀವು ಬೇಡಿ ತಂದುಕೊಂಡಿರಲಿಲ್ಲ. ಮಗುವಿನ ತೂಕ ಒಂಬತ್ತು ತಿಂಗಳ ಊಟದಿಂದಷ್ಟೇ ಬರುವುದೂ ಇಲ್ಲ. ನಿಮ್ಮ ಎತ್ತರ, ಬಸುರಿಯಾಗುವ ಮೊದಲಿನ ತೂಕ, ಚಿಕ್ಕಂದಿನಲ್ಲಿ ನಿಮ್ಮ ತಟ್ಟೆಗೆ ಏನು ಬಿತ್ತು ಅನ್ನುವುದೂ ಅದರಲ್ಲಿ ಸೇರಿರುತ್ತದೆ. ಮಗು ನೋಡಲು ಬಂದ ನೆಂಟರು ಯಾರೂ ಆ ಕೊನೆಯದನ್ನು ಕೇಳುವುದಿಲ್ಲ!

ಇನ್ನು ‘ದಪ್ಪ’ದ ವಿಷಯ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1990ರ ದಶಕದಲ್ಲಿ ಹತ್ತಿರದ ಹಳ್ಳಿಗಳ ಕೂಸುಗಳನ್ನು ಅಳೆದು ನೋಡಿತ್ತು. ಸರಾಸರಿ ತೂಕ 2.7 ಕೆ.ಜಿ. ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದ್ದು 3.5. ಆದರೆ ಹೆಗಲ ಮೂಳೆಯ ಕೆಳಗೆ ಚರ್ಮವನ್ನು ಚಿವುಟಿ ಹಿಡಿದು ಅಳೆದಾಗ ನಮ್ಮ ಕೂಸುಗಳಲ್ಲಿ ಕೊಬ್ಬು ಅಷ್ಟೇನೂ ಕಮ್ಮಿ ಇರಲಿಲ್ಲ. ಖೋತಾ ಆಗಿದ್ದು ಮಾಂಸಖಂಡಕ್ಕೆ. ನೋಡಲು ಸಣಕಲು, ಒಳಗೆ ಕೊಬ್ಬು. ಸಕ್ಕರೆ, ಬಿಸ್ಕತ್ತು ಮಾಂಸಖಂಡ ಕಟ್ಟುವುದಿಲ್ಲ. ಹೊಟ್ಟೆ ತುಂಬಿಸಿ ಊಟದ ಜಾಗ ಹಿಡಿಯುತ್ತವೆ, ಅಷ್ಟೇ. ಹಾಲೇ ಜಾಸ್ತಿಯಾದರೆ ರಕ್ತಹೀನತೆಯೂ ಬರಬಹುದು.

ಆದರೂ ಅತ್ತೆಯ ಆತುರ ಪೂರ್ತಿ ತಪ್ಪಲ್ಲ. ದೆಹಲಿಯಲ್ಲಿ 1969–72ರಲ್ಲಿ ಹುಟ್ಟಿದ ಸುಮಾರು 1,500 ಜನರನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದರು. ಮೂವತ್ತರ ಆಸುಪಾಸಿನಲ್ಲೇ ರಕ್ತದ ಸಕ್ಕರೆ ಏರಿದವರು, ಸರಾಸರಿ ನೋಡಿದರೆ, ಎರಡು ವರ್ಷದೊಳಗೆ ತೆಳ್ಳಗಿದ್ದವರು, ಆಮೇಲೆ ಎತ್ತರಕ್ಕೆ ಮೀರಿ ಬೇಗ ಬೇಗ ತೂಕ ಏರಿಸಿಕೊಂಡವರು. ಅಂದರೆ ನಿಮ್ಮ ಮಗಳಿಗೆ ಚೆನ್ನಾಗಿ ತಿನ್ನಿಸಬೇಕಾದ ಕಾಲ ಇದೇ. ಮೂರು, ನಾಲ್ಕು ವರ್ಷಕ್ಕೆ ಗುಂಡಗೆ ಮಾಡಲು ಹೊರಡಬೇಡಿ.

ಏನು ಕೊಡಬೇಕು? ಮನೆಯ ಊಟವೇ. ಮುದ್ದೆಯ ಚೂರನ್ನು ಬಸ್ಸಾರಿನಲ್ಲಿ ಮಿದ್ದು, ಖಾರ ಕಮ್ಮಿ ಮಾಡಿ, ಮೇಲೆ ಒಂದು ಚಮಚ ತುಪ್ಪ. ಗಟ್ಟಿ ಬೇಳೆ, ಸೊಪ್ಪು, ಬಾಳೆಹಣ್ಣು. ತಿನ್ನುವವರಾದರೆ ದಿನಾ ಮೊಟ್ಟೆ. ಸಕ್ಕರೆ ಎರಡು ವರ್ಷದವರೆಗೆ ಬೇಡ.

ಅತ್ತೆಗೆ ‘ಕೊಡಬೇಡಿ’ ಅಂದರೆ ಜಗಳ ಗ್ಯಾರಂಟಿ. ಬದಲಿಗೆ ಕೆಲಸ ಒಪ್ಪಿಸಿ: ‘ಅತ್ತೆ, ನನ್ನ ಕೈಲಿ ಅವಳು ತಿನ್ನಲ್ಲ. ಹನ್ನೊಂದು ಗಂಟೆ ಮೊಟ್ಟೆ ನಿಮ್ಮ ಜವಾಬ್ದಾರಿ.’ ತೂಕ ನೋಡುವ ದಿನ ಅವರನ್ನೂ ಅಂಗನವಾಡಿಗೆ ಕರೆದುಕೊಂಡು ಹೋಗಿ. ತೂಕದ ಜೊತೆ ಉದ್ದವನ್ನೂ ಅಳೆಯಲು ಹೇಳಿ. ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮಗು ಸಣ್ಣಗಿದ್ದರೂ ಸದ್ಯ ಗಾಬರಿ ಬೇಡ. ಗೆರೆ ಮಲಗಿದರೆ ಅಥವಾ ಇಳಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ರಕ್ತವನ್ನೂ ಪರೀಕ್ಷೆ ಮಾಡಿಸಿ.

ಹಾಲು ಊಟವಾದ ಮೇಲೆ, ಪುಟ್ಟ ಲೋಟದಲ್ಲಿ. ಆ ಬಾಟಲಿ ಅಟ್ಟದ ಮೇಲೆ ಎಲ್ಲೋ ಕಳೆದುಹೋದರೆ ನಾನಂತೂ ಯಾರಿಗೂ ಹೇಳುವುದಿಲ್ಲ.