ಜೀಪಿನ ಹಿಂದೆ ಟ್ರೇಲರ್ ಅತ್ತಿತ್ತ ಎಳೆದಾಡುತ್ತಿದ್ದರೆ

ಮೂಕಿಯ ಮೇಲೆ, ಅಂದರೆ ಟ್ರೇಲರನ್ನು ಜೀಪಿಗೆ ಸಿಕ್ಕಿಸುವ ಮುಂದಿನ ಕಂಬಿಯ ಮೇಲೆ, ಭಾರ ಸಾಲುತ್ತಿಲ್ಲ. ಬಹುಮಟ್ಟಿಗೆ ಕಾರಣ ಇದೇ. ಗುಜರಿ ಜೀಪಿನ ಆಕ್ಸಲನ್ನು ಟ್ರೇಲರ್ ತೊಟ್ಟಿಯ ನಟ್ಟನಡುವೆ ಕೂರಿಸಿದ್ದೀರಿ, ಕಾಫಿ ಮೂಟೆ ತುಂಬಿ ಮಡಿಕೇರಿ ಇಳಿಜಾರಿನಲ್ಲಿ 40 ದಾಟಿದರೆ ಬಾಲ ಆಡಿಸುತ್ತದೆ ಅಂದಿದ್ದೀರಿ. ಎತ್ತಿನ ಗಾಡಿಗೆ ಹಿಂಭಾರ ಆದರೆ ನೊಗ ಮೇಲೇಳುತ್ತದೆ ಅಲ್ವಾ, ಅದೇ ಕಥೆ.

ಮೊದಲು ತೂಗಿ ನೋಡಿ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲಿರಬೇಕು. ಮೂಟೆ ಸೇರಿ 600 ಕೆಜಿ ಇದ್ದರೆ 60ರಿಂದ 90 ಕೆಜಿ. ಸಮತಟ್ಟು ಜಾಗದಲ್ಲಿ ಗಾಲಿಗೆ ಕಲ್ಲು ಕೊಡಿ. ಮೂಟೆ ತೂಗುವ ಯಂತ್ರದ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಕೊಂಡಿ ಜೀಪಿಗೆ ಸಿಕ್ಕಿಸುವ ಎತ್ತರದಲ್ಲೇ ಇರುವಂತೆ ಅದರ ಮೇಲೆ ಕೂರಿಸಿ.

ಕಮ್ಮಿ ಬಂದರೆ ಸದ್ಯಕ್ಕೆ ಮೂಟೆಗಳನ್ನು ಮುಂದಕ್ಕೆ ಸರಿಸಿ. ಕಾಯಂ ಆಗಬೇಕಾದರೆ ಸ್ಪ್ರಿಂಗ್ ಬ್ರಾಕೆಟ್ ಕತ್ತರಿಸಿ ಆಕ್ಸಲನ್ನೇ ಸ್ವಲ್ಪ ಹಿಂದಕ್ಕೆ ಹಾಕಿ. ಮೊದಲು ಚುಕ್ಕಿ ವೆಲ್ಡ್ ಮಾತ್ರ. ಮತ್ತೆ ತೂಗಿ, ಸರಿ ಬಂದ ಮೇಲೆ ಭಾರ ಇಳಿಸಿ ಪೂರ್ತಿ ವೆಲ್ಡ್ ಮಾಡಿಸಿ.

ತೂಕ ಸರಿಯಿದ್ದೂ ಎಳೆದರೆ ಆಕ್ಸಲ್ ಓರೆ ಕೂತಿರಬಹುದು, ಬಾಗಿಯೂ ಇರಬಹುದು. ನೋಡದೆ ಹೇಳುವುದು ಕಷ್ಟ. ಕೊಂಡಿಯಿಂದ ಎರಡೂ ಹಬ್‌ಗಳಿಗೆ (ಗಾಲಿಯ ನಡುಭಾಗ) ಟೇಪ್ ಹಿಡಿಯಿರಿ, ಅಳತೆ ಒಂದೇ ಬರಬೇಕು. ಟೈರುಗಳ ನಡುವಿನ ಅಂತರ ಮುಂದೆ, ಹಿಂದೆ ಎರಡೂ ಕಡೆ ಅಳೆಯಿರಿ. ಜಾಸ್ತಿ ವ್ಯತ್ಯಾಸ ಕಂಡರೆ ಆ ಆಕ್ಸಲ್ ಬಿಟ್ಟುಬಿಡಿ, ಗುಜರಿಯಲ್ಲಿ ಇನ್ನೊಂದು ಸಿಗುತ್ತದೆ. ಟೈರಿನ ಗಾಳಿ ಸರಿಯಿದೆಯಾ, ಬೇರಿಂಗ್ ಸಡಿಲ ಆಗಿದೆಯಾ ಅಂತ ಸುಮ್ನೆ ಒಮ್ಮೆ ನೋಡಿ.

ಇದೆಲ್ಲ ಆಗುವವರೆಗೆ ಸಂಪಾಜೆ ಘಾಟಿ ಇಳಿಸಲೇಬೇಡಿ. ಆಟ ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಬ್ರೇಕ್ ಒದೆಯಬೇಡಿ. ಮೂಕಿಯ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ದಾಟಿಸಿ ಜೀಪಿಗೆ ಕಟ್ಟಿ.