ಚಿಕ್ಕ ಮಕ್ಕಳು ಕುಣಿದಾಡುತ್ತಾ ಕಲಿತರೆ ಪಾಠ ಚೆನ್ನಾಗಿ ತಲೆಗೆ ಹತ್ತುತ್ತದೆಯೇ?

ಹತ್ತುತ್ತದೆ, ಆದರೆ ಎಲ್ಲ ಪಾಠಗಳಿಗೂ ಈ ಮಾತು ಸಮನಾಗಿ ಅನ್ವಯಿಸುವುದಿಲ್ಲ. ಉತ್ತರ ನೆದರ್ಲ್ಯಾಂಡ್ಸ್‌ನ 12 ಶಾಲೆಗಳ, ಎಂಟು ವರ್ಷದ ಆಸುಪಾಸಿನ 499 ಮಕ್ಕಳನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗುಂಪಿನ ಮಕ್ಕಳು ವಾರಕ್ಕೆ ಮೂರು ಬಾರಿ, 20ರಿಂದ 30 ನಿಮಿಷ, ನಿಂತಲ್ಲೇ ಕುಪ್ಪಳಿಸಿ ಲೆಕ್ಕದ ಉತ್ತರ ಕೊಡುತ್ತಿದ್ದರು, ಅಕ್ಷರಕ್ಕೊಮ್ಮೆ ಜಿಗಿಯುತ್ತಾ ಸ್ಪೆಲ್ಲಿಂಗ್ ಹೇಳುತ್ತಿದ್ದರು. ಗಣಿತ ಮತ್ತು ಸ್ಪೆಲ್ಲಿಂಗ್ ಎರಡರಲ್ಲೂ ಇವರು ಎಂದಿನಂತೆ ಪಾಠ ಕೇಳಿದವರಿಗಿಂತ ಸುಮಾರು ನಾಲ್ಕು ತಿಂಗಳ ಕಲಿಕೆಯಷ್ಟು ಮುಂದಿದ್ದರು. ಓದಿನಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಮೈ ಚಲಿಸಿದಾಗ ಮಗು ಚುರುಕಾಗುತ್ತದೆ, ಗಮನ ಪಾಠಕ್ಕೆ ಮರಳುತ್ತದೆ ಎಂಬುದು ಒಂದು ಕಾರಣ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ಚಲನೆಯೇ ಪಾಠದ ಅರ್ಥವನ್ನು ಹೊರುವುದು. ನೆಲದ ಮೇಲೆ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯಂತೆ ಮನೆಗಳನ್ನು ಬರೆದು, 3ರಲ್ಲಿ ನಿಂತ ಮಗುವಿಗೆ ನಾಲ್ಕು ಹೆಜ್ಜೆ ಮುಂದೆ ಹೋಗಲು ಹೇಳಿ ನೋಡಿ: ಎಷ್ಟೋ ಮಕ್ಕಳು ತಾವು ನಿಂತ ಮನೆಯನ್ನೇ ‘ಒಂದು’ ಎಂದು ಎಣಿಸಿ 6ಕ್ಕೆ ಬಂದು ನಿಲ್ಲುತ್ತಾರೆ. ಸ್ಲೇಟಿನಲ್ಲಿ ಬರಿಯ ತಪ್ಪು ಉತ್ತರವಾಗಿ ಉಳಿಯುವ ಈ ಎಡವಟ್ಟು ಇಲ್ಲಿ ಕಾಲಿನಡಿಯಲ್ಲೇ ಕಾಣುವುದರಿಂದ, ಮಗು ಹಿಂದೆ ಹೋಗಿ ತಾನೇ ತಿದ್ದಿಕೊಳ್ಳಬಹುದು. ಪಾಠಕ್ಕೆ ಸಂಬಂಧವಿಲ್ಲದ ಕುಣಿತದಿಂದ ಇಂತಹ ಲಾಭ ಸಿಗದು. ಹಾಗೆಂದು ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಸಿದುಕೊಳ್ಳುವುದಕ್ಕೆ ಇದು ನೆಪವೂ ಅಲ್ಲ.